ಅವ್ವನಿಗೆ ಕೇಳಿಸುವ ಸದ್ದು

ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಕೆ ಮನೆಯಲ್ಲೇ ಕೂತು ಕ್ರಯಪತ್ರ, ಕರಾರುಪತ್ರ ಟೈಪ್ ಮಾಡಿಕೊಡುತ್ತಿದ್ದಳು. ಒಳಕೋಣೆಯಲ್ಲಿ ಕಣ್ಣು ಹೋಗಿ ಹಾಸಿಗೆ ಹಿಡಿದ ತಾಯಿ. ಟೈಪಿನ ಸದ್ದು ಕೇಳುತ್ತಿದ್ದರೆ ಮಗಳು ಇದ್ದಾಳೆಂದು ಅಜ್ಜಿಗೆ ಧೈರ್ಯ. ನಿಂತರೆ, "ಎಲ್ಲೋದ್ಯಮ್ಮಿ?" ಎಂದು ಕೂಗು. "ಇಲ್ಲೇ ಇವ್ನಿ ಕಣವ್ವಾ" ಎನ್ನುವುದು ಇವಳ ದಿನವಿಡೀ ಮಾತು.

ಹಳೆಯ ಕೀಬೋರ್ಡು ಕೆಟ್ಟಾಗ, ಒತ್ತಿ ನೋಡಿ ಆರಿಸಲೆಂದು ಅಂಗಡಿಯವರು, ಕೀಲಿಗಳ ಅಡಿಯಲ್ಲಿರುವ ಬಗೆಬಗೆಯ ಸ್ವಿಚ್ಚುಗಳನ್ನು ಕೂರಿಸಿದ ಪುಟ್ಟ ಹಲಗೆ ಕೊಟ್ಟರು. ಮೆತ್ತಗಿನ ಸ್ವಿಚ್ಚು ಅವಳ ನೋಯುವ ಬೆರಳಿಗೆ ಹಿತವಾಗಿತ್ತು. ಆದರೂ ಬಾಗಿಲಾಚೆ ನಿಂತು ಒಂದೊಂದನ್ನೇ ಒತ್ತಿ, "ಕೇಳ್ತಾ ಅವ್ವಾ?" ಎಂದಳು. ಎಲ್ಲಕ್ಕಿಂತ ಬಿರುಸಾದದ್ದು ಟಕ್ಕೆಂದಾಗ ಅಜ್ಜಿ ನಕ್ಕರು. "ಇದು ಕೇಳ್ತದೆ ಕಣಮ್ಮಿ, ಎತ್ತಿಗೆ ಲಾಳ ಒಡ್ದಂಗದೆ!"

ಅವಳು ಆ ಸ್ವಿಚ್ಚಿನ ಕೀಬೋರ್ಡನ್ನೇ ಕೊಂಡಳು. "ಬೆರಳು ನೋಯಲ್ವೇನೇ?" ಎಂದೆ.

"ಬುಡಕ್ಕ, ಅವ್ವ ಎದರ್ಕಳಾದು ತಪ್ತದೆ."

ಒಂದು ಮಧ್ಯಾಹ್ನ ಅಜ್ಜಿ ಕೂಗದೆಯೇ ಹೋದರು. ಇವಳು ಟೈಪ್ ಮಾಡುತ್ತಲೇ ಇದ್ದಳು. ಕಾಫಿ ಕೊಡಲು ಒಳಗೆ ಹೋದಾಗಲೇ ಗೊತ್ತಾದದ್ದು.

"ಈ ಸದ್ನಲ್ಲಿ ಅವ್ವನ ಕೊನೇ ಉಸ್ರು ನಂಗೇ ಕೇಳ್ನಿಲ್ವಲ್ಲಕ್ಕಾ" ಎಂದು ನನ್ನ ಕೈ ಹಿಡಿದು ಅತ್ತಳು.

ಮಗಳು ಹತ್ತಿರವೇ ಇದ್ದಾಳೆಂದು ತಿಳಿದೇ ಆ ಜೀವ ಹೋಯಿತು. ದೇವರು ಅಷ್ಟು ಕರುಣೆ ತೋರಿದ. ಅಂದು ನಾನು ಅವಳ ಕೈ ಬಿಡದೆ ಪಕ್ಕದಲ್ಲೇ ಕೂತೆ.