ವಾಲ್ಬುರ್ಗಾಳ ಬೆರಳಿಗೆ ಹತ್ತಿದ ನಾತ

ನಮ್ಮ ಬವೇರಿಯಾದ ಬೆಟ್ಟದೂರಿನಲ್ಲಿ ಹೋಲರ್ ಹಣ್ಣಿನ ವಿಷಯಕ್ಕೆ ಎಲ್ಲರೂ ವಾಲ್ಬುರ್ಗಾಳನ್ನೇ ಕೇಳುತ್ತಿದ್ದರು. ಸೆಪ್ಟೆಂಬರ್ ಬಂತೆಂದರೆ ಮನೆಮನೆಯಲ್ಲೂ ಆ ಕಪ್ಪು ಹಣ್ಣು ಬೇಯಿಸಿದ ಸಿಹಿಸಾರು. ಆದರೆ ಅದರ ಮಗ್ಗುಲಲ್ಲೇ ಆಟಿಖ್ ಎಂಬ ವಿಷದ ಗಿಡವೂ ಬೆಳೆಯುತ್ತದೆ. ಹಣ್ಣು ಥೇಟ್ ಹಾಗೆಯೇ. ಹೋಲರಿನದು ಗಂಟುಗಂಟಾದ ತೊಗಟೆಯ ಗಟ್ಟಿ ಕಾಂಡ, ಮಾಗಿದ ಗೊಂಚಲು ಕೆಳಗೆ ತೂಗುತ್ತದೆ. ಆಟಿಖ್ ಚಳಿಗೆ ನೆಲಕಚ್ಚುವ ಹಸಿರು ದಂಟಿನ ಗಿಡ, ಅದರ ಗೊಂಚಲು ಆಕಾಶ ನೋಡುತ್ತದೆ. ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದವಳು ಅವಳೇ.

ಅವಳ ಕಣ್ಣು ಮಂಜಾಗುತ್ತಿದ್ದುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಹೇಳಿದರೆ ತಂಗಿ ಆಫ್ರಾ ತನ್ನನ್ನು ಒಲೆ ಬದಿಗೆ ಕೂರಿಸಿಬಿಡುತ್ತಾಳೆಂಬ ಭಯ.

ಆ ವರ್ಷವೂ ಪಾಳುಬಿದ್ದ ಸುಣ್ಣದ ಗೂಡಿನ ಹತ್ತಿರ ಹೋಗಿ, ಕೈಗೆ ಸಿಕ್ಕ ಗೊಂಚಲುಗಳನ್ನೆಲ್ಲ ತಡವಿ ಕತ್ತರಿಸಿ ಬುಟ್ಟಿ ತುಂಬಿದಳು. ಅಕ್ಕ ತಂದದ್ದೆಂಬ ನಂಬಿಕೆಯಲ್ಲಿ ಆಫ್ರಾ ಬಿಡಿಸಿ ಬೇಯಿಸಿದಳು.

ಮಧ್ಯಾಹ್ನ ಊಟಕ್ಕೆ ಕೂತು ವಾಲ್ಬುರ್ಗಾ ಬ್ರೆಡ್ಡು ಮುರಿದು ಬಾಯಿಗೆ ತಂದಳು. ತೊಳೆದರೂ ಹೋಗದೆ ಬೆರಳಲ್ಲಿ ಉಳಿದಿದ್ದ ನಾತ ಮೂಗಿಗೆ ಬಡಿಯಿತು. ಹೋಲರ್ ಎಲೆಗೂ ವಾಸನೆಯುಂಟು, ಆದರೆ ಹೀಗೆ ನಾರುವುದು ಆಟಿಖ್ ಮಾತ್ರ. ಎದುರಿನಿಂದ ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿಸುತ್ತಿತ್ತು.

“ಕುಡೀಬೇಡಿ! ಚಮಚ ಕೆಳಗಿಡಿ!”

ಆಫ್ರಾಳ ಗಂಡ ಕೊರ್ಬಿನಿಯನ್ ನಕ್ಕ. “ಯಾಕತ್ತಿಗೆ, ಎಲ್ಲಾ ನಿಮಗೊಬ್ರಿಗೇ ಬೇಕಾ? ನನ್ನ ಬಟ್ಲು ಆಗ್ಲೇ ಖಾಲಿ.”

“ಆಫ್ರಾ, ತೊಟ್ಟು ಎಲ್ಲಿ ಎಸ್ದೆ? ಬೇಗ ಹೋಗಿ ನೋಡೇ. ಎಲೆ ಬುಡದಲ್ಲಿ ಕಿವಿ ಥರ ಪುಟ್ಟ ಎಲೆ ಇದ್ಯಾ ನೋಡು. ಇದ್ರೆ ಅದು ಆಟಿಖ್.”

“ಕಿತ್ತೋಳು ನೀನೇ ಅಲ್ವೇನೇ ಅಕ್ಕ? ನಿಂಗೊತ್ತಿಲ್ವಾ?”

“ನಂಗೆ ಕಣ್ಣು ಕಾಣಲ್ಲ ಕಣೇ.”

ಆಫ್ರಾ ತಿಪ್ಪೆಗೆ ಓಡಿದಳು. ಹಿಂತಿರುಗಿದವಳು ಬಾಗಿಲಲ್ಲೇ ನಿಂತು, “ಇದೆ ಅಕ್ಕ,” ಎಂದಳು.

ಡಾಕ್ಟರು ಬರುವಷ್ಟರಲ್ಲಿ ಕೊರ್ಬಿನಿಯನ್ ವಾಂತಿ ಮಾಡಿಕೊಂಡು ನೆಲಕ್ಕೆ ಕುಸಿದಿದ್ದ. ಅವನ ಮುಖ ವಾಲ್ಬುರ್ಗಾಳಿಗೆ ಕಾಣುತ್ತಿರಲಿಲ್ಲ. ಬೆವೆತ ಕೈ ಹಿಡಿದು, ಉಸಿರು ನಿಂತೀತೇನೋ ಎಂದು ಕಿವಿಗೊಟ್ಟು ಕೂತಳು. ಒಮ್ಮೊಮ್ಮೆ ಏನೂ ಕೇಳಿಸದೆ ಅವಳ ಜೀವವೇ ಬಾಯಿಗೆ ಬರುತ್ತಿತ್ತು.

ಅವನು ಬದುಕಿದ. ಎದ್ದು ಕೂತ ದಿನ ಅಂದದ್ದಿಷ್ಟೇ: “ಕಣ್ಣು ಹೋಗಿದ್ದು ನಿಮ್ ತಪ್ಪಲ್ಲ ಅತ್ತಿಗೆ. ಬಾಯಿ ಇತ್ತಲ್ಲ?”

ಮರುವರ್ಷ ವಾಲ್ಬುರ್ಗಾ ತಂಗಿಯ ತೋಳು ಹಿಡಿದೇ ಬೆಟ್ಟ ಹತ್ತಿದಳು. ಕಾಂಡ ತಡವಿದಳು, ಗಂಟುಗಂಟು ತೊಗಟೆ, ಸಂಶಯವೇ ಇರಲಿಲ್ಲ. ಆದರೂ ಕತ್ತರಿ ಎತ್ತಲಿಲ್ಲ.

“ಗೊಂಚಲು ಬಾಗಿದ್ಯೇನೇ?”

“ಬಾಗಿದೆ ಅಕ್ಕ.”

“ಇನ್ನೊಂದ್ಸಲ ನೋಡು.”