ಸ್ಯಾಕ್ಸೋಫೋನಿನ ಮುಂದೆ ಸುಮ್ಮನೆ ಕೂತವರು

ಕಳೆದ ರವಿವಾರ ಧಾರವಾಡದ ನಾವು ಮೂವತ್ತು ಮಂದಿ ರಸಿಕರು ಸೇರಿ ಒಬ್ಬ ಕಲಾವಿದನ ಕಥೆ ಮುಗಿಸಿಯೇ ಬಿಡುತ್ತಿದ್ದೆವು. ಬೈದಲ್ಲ, ಎದ್ದು ಹೋಗಿಯೂ ಅಲ್ಲ. ಸುಮ್ಮನೆ ಕೂತು!

ಕಲಾವಿದ ನನ್ನ ಸಾಲಿ ಗೆಳೆಯ ಯೋಹಾನ. ಹುಬ್ಬಳ್ಳಿಯ ರೈಲ್ವೆ ಬ್ಯಾಂಡಿನವರ ಹತ್ತಿರ ಸ್ಯಾಕ್ಸೋಫೋನ್ ಕಲಿತು ಮುಂಬಯಿಗೆ ಹೋದವ. (ಮಿಷನ್ ಸಾಲಿ ಮಾಸ್ತರರಾದ ಅವನ ಅಪ್ಪ ಮೂರು ತಿಂಗಳು ಮಾತು ಬಿಟ್ಟಿದ್ದರು.) ಅಲ್ಲಿ ಹೋಟೆಲ್ ಬ್ಯಾಂಡು, ನಡುನಡುವೆ ಸಿನಿಮಾ ಹಾಡುಗಳಿಗೆ ಊದುವ ಕೆಲಸ. ಆ ರೆಕಾರ್ಡುಗಳ ಮೇಲೆ ಗಾಯಕರ ಹೆಸರಿದೆ, ಇವನದಿಲ್ಲ. ಹೋದ ವರ್ಷ ಕೊನೆಗೂ ಇವನದೇ ಹೆಸರಿನ ಒಂದು ರೆಕಾರ್ಡು ಬಂತು. ಕೂಲ್ ಜಾಝ್. ಕಿರುಚಾಟವಿಲ್ಲ, ಗಡಿಬಿಡಿಯಿಲ್ಲ, ಮಗ್ಗುಲಲ್ಲಿ ಕೂತು ಮೆಲ್ಲಗೆ ಮಾತಾಡಿದಂತೆ.

"ಎರಡನೇ ರೆಕಾರ್ಡಿಗೆ ಕಂಪನಿಯವ್ರು ಕರದಾರ. ಆದ್ರ ಮೊದಲನೇದಕ್ಕ ಯಾರೂ ಛಲೋ ಅಂದಿಲ್ಲ, ಕೆಟ್ಟ ಅಂತನೂ ಅಂದಿಲ್ಲ. ನಮ್ಮೂರ ಮಂದಿಗೂ ಹಿಡಸಲಿಲ್ಲಂದ್ರ ಒಲ್ಲೆ ಅಂತ ತಾರ್ ಕಳಸ್ತೇನಿ. ಊದೂದ ಬಿಡ್ತೇನಿ" ಅಂದ, ನಮ್ಮ ಮನೆಯ ಸಂಗೀತ ಬೈಠಕ್ಕಿಗೆ ಬಂದಾಗ.

ಊದಿದ. ನಲವತ್ತು ನಿಮಿಷ. ನಮ್ಮ ಮಂದಿ? ರಾಗ ಯಾವುದೆಂದು ತಿಳಿಯದೆ 'ವಾಹ್' ಅಂದರೆ ಧಾರವಾಡದಲ್ಲಿ ಮರ್ಯಾದೆ ಹೋಗುತ್ತದಲ್ಲ! ಒಬ್ಬರೂ ತುಟಿ ಬಿಚ್ಚಲಿಲ್ಲ. ಯೋಹಾನನ ಮುಖ ಸಪ್ಪಗಾಯಿತು. ವಾದ್ಯ ಬಿಚ್ಚಿ ಪೆಟ್ಟಿಗೆಯಲ್ಲಿಡತೊಡಗಿದ.

ಮುಂದಿನ ಸಾಲಿನಲ್ಲಿದ್ದ ಗುಂಡೂ ಕಾಕಾ (ಸಂಗೀತದ ಮಟ್ಟಿಗೆ ನಮ್ಮ ಓಣಿಯ ಹೈಕೋರ್ಟು) ಗಾಬರಿಯಾದರು.

"ಯಾಕೋ ತಮ್ಮಾ, ಎತ್ತಿಡಾಕತ್ತಿ? ಆಲಾಪ ಈಗ ಮುಗೀತು. ಏನ್ ಛಂದ ಆಲಾಪೋ! ತಬಲಾದವ ಯಾವಾಗ ಬರ್ತಾನಂತ ನಾವೆಲ್ಲಾ ಕಾಯಾಕತ್ತೇವಿ."

ತಬಲಾದವನೇ ಇರಲಿಲ್ಲ! ಯೋಹಾನ ಕಣ್ಣು ಒರೆಸಿಕೊಂಡು ನಗತೊಡಗಿದ. ಮತ್ತೆ ಒಂದು ತಾಸು ಊದಿದ. ಈ ಸಲ ಕಾಕಾನ 'ವಾಹ್' ಓಣಿಗೆಲ್ಲ ಕೇಳಿರಬೇಕು. ನನಗಂತೂ ಆ ಮುದುಕನ ಕಾಲು ಹಿಡಿಯಬೇಕೆನಿಸಿತು.

ಸೋಮವಾರ ಸ್ಟೇಷನ್ನಿನಲ್ಲಿ, ಒಪ್ಪಿಗೆಯ ತಾರು ಕೊಟ್ಟು ಮುಂಬಯಿ ರೈಲು ಹತ್ತುವಾಗ ಯೋಹಾನ ಕೇಳಿದ: "ನನ್ನ ರೆಕಾರ್ಡ್ ಒಮ್ಮೆರ ಕೇಳೀಯೇನು?"

"ಒಮ್ಮೆ? ಹಚ್ಚಿ ಹಚ್ಚಿ ಗ್ರಾಮಫೋನಿನ ಮುಳ್ಳು ಸವದು ಹೋಗ್ಯಾವೋ!"

ಅವ ನನ್ನನ್ನೇ ನೋಡಿದ. "ಮತ್ತ ನನಗೊಂದು ಕಾರ್ಡ್ ಬರಿಯಾಕ ಏನಾಗಿತ್ತೋ ನಿನಗ?"

ವಾರವಾರ ಈ ಅಂಕಣದಲ್ಲಿ ಇಷ್ಟುದ್ದ ಬರೆಯುವ ನಾನು ಅವನಿಗೆ ಒಂದು ಸಾಲು ಬರೆದಿರಲಿಲ್ಲ. ನೀವು ಯಾರಿಗಾದರೂ ಬರೆದಿದ್ದೀರಾ?