ಚಪ್ಪರದೊಳಗೆ ಹೊಕ್ಕ ಕ್ಯಾಮೆರಾ

ನನ್ನ ನಿವೃತ್ತಿಗೆ ಮುಂಚಿನ ವರ್ಷ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುತ್ತಿದ್ದೆ. ಪ್ರಾಜೆಕ್ಟ್ ಎಂದರೆ ನಮ್ಮ ವಿದ್ಯಾರ್ಥಿಗಳು ತಿರುಗುವ ಡಬ್ಬವನ್ನೋ ಕಾರನ್ನೋ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಕಳವಾರದ ಭವ್ಯ ಮಾತ್ರ ತಮ್ಮ ಮನೆಯ ದ್ರಾಕ್ಷಿ ಚಪ್ಪರವನ್ನೇ ಬರೆಯುತ್ತೇನೆಂದು ಹಟ ಹಿಡಿದಳು.

ಹಟಕ್ಕೆ ಕಾರಣವಿತ್ತು. ಅವರ ಮನೆಯಲ್ಲಿ ಚಪ್ಪರದ ತಂತಿಯ ಎತ್ತರಕ್ಕೆ ತಾತನೇ ಅಳತೆ. ಅವರ ರುಮಾಲಿಗೆ ತಂತಿ ತಾಕದಿದ್ದರೆ ಸಾಕು. ತಾತ ಕುಳ್ಳಗಿದ್ದರು. ಈಗ ದಿನವಿಡೀ ಅದರಡಿ ಕೆಲಸ ಮಾಡುವ ಭವ್ಯಳ ಅಮ್ಮ ಎತ್ತರದ ಹೆಂಗಸು. ಕತ್ತು ಬಗ್ಗಿಸಿ ಬಗ್ಗಿಸಿ ನೋವು ಅಂಟಿಕೊಂಡಿತ್ತು. ಹೊಸ ತೋಟದಲ್ಲೂ ಕಲ್ಲುಕಂಬ ನಿಂತಾಗಿತ್ತು, ತಂತಿ ಎಳೆಯುವುದು ಬಾಕಿ. ಅದೇ ಹಳೇ ಎತ್ತರಕ್ಕೆ ಎಂದು ಅಪ್ಪ ನಾರಾಯಣಪ್ಪ ತೀರ್ಮಾನಿಸಿಬಿಟ್ಟಿದ್ದರು. ಬಾಯಿಮಾತಿಗೆ ಜಗ್ಗುವ ಆಸಾಮಿಯಲ್ಲ.

ನಾವು ಬಳಸಿದ ಗ್ರಾಫಿಕ್ಸ್ ಲೈಬ್ರರಿ, ಅಂದರೆ ಚಿತ್ರ ಬರೆಯಲು ಸಿದ್ಧವಾಗಿ ಸಿಗುವ ಪ್ರೋಗ್ರಾಮುಗಳ ಗಂಟು, ತೀರಾ ಸರಳವಾದದ್ದು. ಎರಡು ಬಿಂದು ಕೊಟ್ಟರೆ ಪರದೆಯ ಮೇಲೆ ಗೆರೆ ಎಳೆಯುತ್ತದೆ, ಅಷ್ಟೇ. ದೂರದ್ದನ್ನು ಚಿಕ್ಕದಾಗಿ ತೋರಿಸುವ ಪ್ರೊಜೆಕ್ಷನ್ ಲೆಕ್ಕ ನಾವೇ ಮಾಡಬೇಕು. ಪ್ರತಿ ಬಿಂದುವಿನ ಅಡ್ಡ ಮತ್ತು ಎತ್ತರದ ಅಳತೆಗಳನ್ನು, ಅದು ಕಣ್ಣಿನಿಂದ, ಅಂದರೆ ಪ್ರೋಗ್ರಾಮಿನೊಳಗಿನ ಕ್ಯಾಮೆರಾದಿಂದ, ಎಷ್ಟು ಮುಂದಿದೆಯೋ ಆ ದೂರದಿಂದ ಭಾಗಿಸುವುದು. ಭವ್ಯ ಚೊಕ್ಕವಾಗಿ ಬರೆದಳು. ಲ್ಯಾಬಿನಲ್ಲಿ ಚಪ್ಪರ ಫೋಟೊಗೆ ನಿಂತ ಹಾಗೆ ನಿಂತಿತು.

ತಂತಿ ಎಳೆಯುವ ಹಿಂದಿನ ದಿನ ಲ್ಯಾಪ್‌ಟಾಪ್ ಹಿಡಿದು ಅವರ ತೋಟಕ್ಕೆ ಹೋದೆವು. ನಾರಾಯಣಪ್ಪ ಬಾಣದ ಕೀ ಒತ್ತಿ ನೆಟ್ಟಗೆ ಚಪ್ಪರದೊಳಕ್ಕೇ ನುಗ್ಗಿದರು. ದ್ರಾಕ್ಷಿ ಬೆಳೆಯುವವರು ಚಪ್ಪರವನ್ನು ಹೊರಗೆ ನಿಂತು ನೋಡುತ್ತಾರೆಯೇ? ಕೂಡಲೇ ತಂತಿಗಳೆಲ್ಲ ಪರದೆಯ ತುಂಬಾ ಅಡ್ಡಾದಿಡ್ಡಿ ಹರಿದಾಡಿದವು.

“ಏನಮ್ಮ, ನಿನ್ ಚಪ್ಪರ ಒಳಕ್ಕೆ ಕಾಲಿಟ್ರೆ ಬಿದ್ದೋಗುತ್ತಲ್ಲ,” ಎಂದು ಅವರು ನಕ್ಕರು. ಭವ್ಯಳ ಮುಖ ಚಿಕ್ಕದಾಯಿತು.

ನನಗೆ ಮಾತ್ರ ಖುಷಿ. ಇಂಥ ತಪ್ಪು ಸಿಕ್ಕರೆ ಮೇಷ್ಟರಿಗೆ ಹಬ್ಬ. ಒಳಗೆ ನಿಂತಾಗ ತಂತಿಯ ಒಂದು ತುದಿ ನಮ್ಮ ಬೆನ್ನ ಹಿಂದಿರುತ್ತದೆ. ಅದರ ದೂರ ಮೈನಸ್. ಭಾಗಿಸಿದರೆ ಎಡದ್ದು ಬಲಕ್ಕೆ, ಮೇಲಿನದು ಕೆಳಕ್ಕೆ ಹೋಗುತ್ತದೆ. ಆದ್ದರಿಂದ ಭಾಗಿಸುವ ಮೊದಲೇ ಗೆರೆಯನ್ನು ಕಣ್ಣಿನ ತುಸು ಮುಂದೆ ಕತ್ತರಿಸಬೇಕು. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಅಷ್ಟು ಹೇಳಿದ್ದೇ ಸಾಕಾಯಿತು. ಅಮ್ಮ ಕಾಫಿ ತರುವುದರೊಳಗೆ ಭವ್ಯ ಅದನ್ನು ಬರೆದು ಮುಗಿಸಿದ್ದಳು.

ನಾರಾಯಣಪ್ಪ ಮತ್ತೆ ಒಳಹೊಕ್ಕರು. ಕಂಬಗಳು ಸರಿಯಾಗಿ ನಿಂತಿದ್ದವು, ಆದರೆ ತಂತಿಯ ಬಲೆಯೇ ಕಾಣಲಿಲ್ಲ. ಪರದೆಯ ನಡುವೆ ಅಡ್ಡಲಾಗಿ ಒಂದೇ ಗೆರೆ. ಮಿಕ್ಕ ತಂತಿ ಎಲ್ಲಿ ಎಂದು ಕೇಳಿದರು.

“ಎಲ್ಲಾ ಅದರಲ್ಲೇ ಇದಾವೆ ಅಪ್ಪ. ಆಗ ಕ್ಯಾಮೆರಾ ತಾತನ ಕಣ್ಣಿನ ಎತ್ತರಕ್ಕಿತ್ತು, ಈಗ ಅಮ್ಮನ ಕಣ್ಣಿನ ಎತ್ತರಕ್ಕೆ ಇಟ್ಟಿದೀನಿ. ನೀನು ಹೇಳಿದ ಎತ್ತರಕ್ಕೆ ಕಟ್ಟಿದ್ರೆ ತಂತಿಗಳೆಲ್ಲ ಅಮ್ಮನ ಕಣ್ಣಿಗೇ ನೇರವಾಗಿ ಬರ್ತವೆ. ಅದಕ್ಕೇ ಒಂದೇ ಗೆರೆ.”

ಅವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಸೀಮೆಸುಣ್ಣ ಹುಡುಕಿಕೊಂಡು, ಹೆಂಡತಿಯನ್ನು ಕರೆದು ಕಲ್ಲುಕಂಬಕ್ಕೆ ಒರಗಿ ನೆಟ್ಟಗೆ ನಿಲ್ಲಲು ಹೇಳಿದರು. ಆಕೆಯ ನೆತ್ತಿಯ ಮಟ್ಟಕ್ಕೆ ಗುರುತು ಹಾಕಲು ಹೋದಾಗ ಆಕೆ ಕೈ ತಡೆದರು.

“ಇನ್ನೊಂದು ಗೇಣು ಮೇಲಕ್ಕೆ ಹಾಕಿ. ತಲೇಲಿ ಹೂವ ಇರ್ತದಲ್ಲ.”

ನಾರಾಯಣಪ್ಪ ಒಂದು ಗೇಣು ಮೇಲಕ್ಕೇ ಹಾಕಿದರು.

ಕಾಲೇಜಿನಲ್ಲಿ ಉಳಿದಿದ್ದ ದಿನಗಳಲ್ಲಿ, ಯಾರು ಯಾವ ಚಿತ್ರ ತಂದು ತೋರಿಸಿದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ಈ ಕ್ಯಾಮೆರಾ ಯಾರ ಕಣ್ಣಪ್ಪಾ?